ಒಂಟಿಯಾಗಿ ಮಲಗಿದ ಮರಿ, ದೂರದಲ್ಲಿ ನಿಂತ ತಾಯಿ

ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದ ಚಿಂತನೆ (ಅಕ್ಟೋಬರ್ 4)



ಅಕ್ಟೋಬರ್ 4ರಂದು ಧರ್ಮಸಭೆಯು ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಸ್ಮರಿಸುತ್ತದೆ. ನಮ್ಮ ದೇಶದಲ್ಲಿ ಅಕ್ಟೋಬರ್ 2ರಿಂದ 8ರವರೆಗೆ ವನ್ಯಜೀವಿ ಸಪ್ತಾಹ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಗೋವಿನಜೋಳದ ಸುಗ್ಗಿಯೂ ಇದೇ ಸುಮಾರಿಗೆ ಬರುತ್ತದೆ. ಬೆಳೆ ಕಡಿಯುತ್ತಾ ಹೋದಂತೆ ಅದರೊಳಗೆ ಅಡಗಿದ್ದ ಜೀವಿಗಳು ನಮ್ಮ ಕಣ್ಣಿಗೆ ಬೀಳುತ್ತವೆ. ಆಗ ಏನು ಮಾಡಬೇಕು ಎಂಬುದನ್ನು ನಾವು ಒಂದು ತಪ್ಪಿನಿಂದ ಕಲಿತೆವು.

ಕೆಲವು ವರ್ಷಗಳ ಹಿಂದೆ ಈ ಭಾಗದ ಧರ್ಮಕೇಂದ್ರವೊಂದರಲ್ಲಿ ನಾವು ಸೇವೆಯಲ್ಲಿದ್ದೆವು. ಒಂದು ಶನಿವಾರ ಸಂಜೆ ಪೀಠಬಾಲಕನೊಬ್ಬ ಗೋಣಿಚೀಲದಲ್ಲಿ ಚಿಗರಿ ಮರಿಯನ್ನು ಹೊತ್ತು ಗುರುನಿವಾಸಕ್ಕೆ ಬಂದ. “ಫಾದರ್, ಹೊಲದಾಗ ಒಂದೇ ಬಿದ್ದಿತ್ತರಿ. ಇದರವ್ವ ಬಿಟ್ಟು ಹೋಗ್ಯಾಳ. ಜಡ್ಡಾದಂಗ ಕಾಣ್ತೈತ್ರಿ, ಓಡಾಕೂ ಇಲ್ಲ, ಒದರಾಕೂ ಇಲ್ಲ” ಎಂದ. ನಾವು ಅವನ ಬೆನ್ನು ತಟ್ಟಿದೆವು. ಬಾಟಲಿಯಲ್ಲಿ ಆಕಳ ಹಾಲು ಕುಡಿಸಿದೆವು. ಉಪದೇಶದ ಮಕ್ಕಳೆಲ್ಲ ಬಂದು ಮೈದಡವಿದರು. ಭಾನುವಾರದ ಬಲಿಪೂಜೆಯಲ್ಲಿ ಹುಡುಗನನ್ನು ಸದಯ ಸಮಾರಿತನಿಗೆ ಹೋಲಿಸಿ ಮಾತನಾಡಿದೆವು.

ಸೋಮವಾರ ಬೆಳಗಿನ ಜಾವ ಮರಿ ಸತ್ತಿತ್ತು. ಅರಣ್ಯ ಇಲಾಖೆಗೆ ತಿಳಿಸಿದಾಗ ಅವರೊಡನೆ ಬಂದ ಪಶುವೈದ್ಯರು ಪರೀಕ್ಷಿಸಿ, ಹಾಲು ಶ್ವಾಸಕೋಶಕ್ಕೆ ಇಳಿದಿದೆ ಎಂದರು. ಮೈಮೇಲೆ ಗಾಯವಿರಲಿಲ್ಲ, ರೋಗದ ಗುರುತೂ ಇರಲಿಲ್ಲ. ಹೊಲದಿಂದ ಎತ್ತಿ ತಂದ ದಿನ ಅದು ಆರೋಗ್ಯವಾಗಿಯೇ ಇತ್ತು. ಹುಡುಗ ನಮ್ಮನ್ನು ಕೇಳಿದ: “ಹಂಗಾರ ಅದರವ್ವ ಹುಡುಕ್ಯಾಡಿರಬೇಕಲ್ರಿ ಫಾದರ್?” ಅಂದು ನಮ್ಮಲ್ಲಿ ಉತ್ತರವಿರಲಿಲ್ಲ.

ಮರಿ ಏಕೆ ಒಂಟಿಯಾಗಿರುತ್ತದೆ?

ಚಿಗರಿ ಎಂದರೆ ಕೃಷ್ಣಮೃಗ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸಿಗೆ ಅದರ ಹೆಸರನ್ನೇ ಇಟ್ಟಿದ್ದಾರೆ. ನಮ್ಮ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಿಂದ ಕೃಷ್ಣಮೃಗಗಳಿಗಾಗಿ 119 ಚದರ ಕಿಲೋಮೀಟರಿನ ಅಭಯಾರಣ್ಯವಿದೆ. ಆದರೆ ಚಿಗರಿಗೆ ಅಭಯಾರಣ್ಯದ ಗಡಿ ತಿಳಿಯದು; ಬಯಲಿನ ಹೊಲಗಳೂ ಅದರ ಮನೆಯೇ.

ತಾಯಿ ಚಿಗರಿ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ದೊಡ್ಡ ಚಿಗರಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು; ಎಳೆಯ ಮರಿಗೆ ಆ ಶಕ್ತಿಯಿಲ್ಲ. ಆದ್ದರಿಂದ ಹುಟ್ಟಿದ ಮೊದಲ ಕೆಲವು ದಿನ ತಾಯಿ ಅದನ್ನು ಹುಲ್ಲಿನಲ್ಲೋ ಬೆಳೆಯಲ್ಲೋ ಬಚ್ಚಿಟ್ಟು ದೂರ ಹೋಗಿ ಮೇಯುತ್ತದೆ. ಅದು ಪಕ್ಕದಲ್ಲೇ ನಿಂತರೆ ತೋಳ, ನರಿ, ನಾಯಿಗಳಿಗೆ ಜಾಗ ತೋರಿಸಿಕೊಟ್ಟಂತೆ. ಮರಿಯ ಮೈಯನ್ನು ನೆಕ್ಕಿ ಶುಚಿ ಮಾಡುವುದರಿಂದ ವಾಸನೆಯೂ ಕಡಿಮೆ. ದಿನದಲ್ಲಿ ಕೆಲವೇ ಸಲ ಬಂದು ಹಾಲೂಡಿಸಿ ಹೋಗುತ್ತದೆ. ಅಪಾಯ ಹತ್ತಿರ ಬಂದಾಗ ಮರಿ ನೆಲಕ್ಕಂಟಿ ಅಲುಗಾಡದೆ ಮಲಗುತ್ತದೆ. ನಾವು ಜಡ್ಡು ಎಂದುಕೊಂಡದ್ದು ದೇವರು ಅದಕ್ಕೆ ಕೊಟ್ಟ ರಕ್ಷಣೆಯನ್ನೇ.

ಈ ತಪ್ಪು ನಮ್ಮೊಬ್ಬರದಲ್ಲ. ಯುರೋಪಿನ ಕಡಲತೀರಗಳಲ್ಲಿ ಸೀಲ್ ಎಂಬ ಸಮುದ್ರಪ್ರಾಣಿಯ ಮರಿ ಒಂಟಿಯಾಗಿ ಮಲಗಿದ್ದನ್ನು ಕಂಡವರು ಮರುಕದಿಂದ ಅದನ್ನು ನೀರಿಗೆ ತಳ್ಳುವುದುಂಟು, ಮನೆಗೆ ಒಯ್ಯುವುದೂ ಉಂಟು. ಅದರ ತಾಯಿ ಮೀನಿಗಾಗಿ ಕಡಲಿಗೆ ಹೋಗಿರಬಹುದು, ಮರಿ ವಿಶ್ರಾಂತಿಗೆ ದಡದಲ್ಲಿ ಮಲಗಿರಬಹುದು. ಅಲ್ಲಿಯ ತಿಳಿದವರು ಹೇಳುವುದೂ ಇದನ್ನೇ: ದೂರ ನಿಲ್ಲಿರಿ, ನಾಯಿಯನ್ನು ಕಟ್ಟಿರಿ, ಬಲ್ಲವರಿಗೆ ತಿಳಿಸಿರಿ.

ನಿಜವಾಗಿ ಜಡ್ಡಾಗಿದ್ದರೆ?

ಕೆಲವು ಮರಿಗಳಿಗೆ ನಿಜವಾಗಿಯೂ ಸಹಾಯ ಬೇಕಾಗುತ್ತದೆ. ರಕ್ತ ಬರುವ ಗಾಯ, ಮುರಿದ ಕಾಲು, ಮೈಮೇಲೆ ಮುತ್ತಿದ ನೊಣ ಅಥವಾ ಹುಳು, ಒಳಗೆ ಹೋದ ಕಣ್ಣು, ಬಹಳ ಹೊತ್ತಿನಿಂದ ಒದರುತ್ತಾ ಅಲೆದಾಡುವುದು, ಹತ್ತಿರದಲ್ಲಿ ಸತ್ತು ಬಿದ್ದ ತಾಯಿ, ನಾಯಿಗಳ ದಾಳಿ, ಬಾವಿಗೆ ಬಿದ್ದಿರುವುದು: ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಸಮೀಪದ ವಲಯ ಅರಣ್ಯ ಕಚೇರಿಗೆ ಅಥವಾ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿರಿ.

ಇವು ಯಾವುವೂ ಇಲ್ಲದಿದ್ದರೆ ಮರಿಯನ್ನು ಮುಟ್ಟಬೇಡಿರಿ. ಅಷ್ಟು ಜಾಗದ ಕೊಯ್ಲನ್ನು ಆ ದಿನಕ್ಕೆ ಬಿಟ್ಟು ಮುಂದೆ ಸಾಗಿರಿ. ನಾಯಿಗಳನ್ನು ಕಟ್ಟಿರಿ, ಮಕ್ಕಳನ್ನು ದೂರ ಕಳುಹಿಸಿರಿ. ಗುಂಪು ಕೂಡಿ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾ ನಿಂತರೆ ತಾಯಿ ಹತ್ತಿರ ಬರಲಾರದು. ಸಂದೇಹವಿದ್ದರೆ ದೂರದ ಬದುವಿನಿಂದ ಕೆಲವು ಗಂಟೆ ಗಮನಿಸಿರಿ. ಸಂಜೆಯಾದರೂ ತಾಯಿ ಕಾಣದಿದ್ದರೆ ಇಲಾಖೆಗೆ ತಿಳಿಸಿರಿ.

ಆಕಳ ಹಾಲು ಕುಡಿಸಬೇಡಿರಿ. ಅದು ಬೇಧಿ ತರಬಹುದು, ಬಲವಂತದಿಂದ ಕುಡಿಸಿದರೆ ಶ್ವಾಸಕೋಶ ಸೇರುತ್ತದೆ. ಹಿಡಿದಾಗಿನ ಗಾಬರಿಯಿಂದಲೇ ಸ್ನಾಯುಗಳು ಹಾಳಾಗಿ ಚಿಗರಿ ಸಾಯುವುದುಂಟು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಮತ್ತೆ ಸೇರಿಸುವುದಿಲ್ಲ ಎಂಬ ಮಾತು ಹೆಚ್ಚಾಗಿ ಸುಳ್ಳು. ಆದ್ದರಿಂದ ತಿಳಿಯದೆ ಎತ್ತಿ ತಂದವರು “ಇನ್ನು ನಾವೇ ಸಾಕಬೇಕು” ಎಂದು ನಿರ್ಧರಿಸದೆ, ಕೂಡಲೇ ಇಲಾಖೆಯವರನ್ನು ಕೇಳಿ ಅದೇ ಜಾಗಕ್ಕೆ ಮರಳಿಸುವುದು ಲೇಸು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಕೃಷ್ಣಮೃಗವಿದೆ. ಅದನ್ನು ಹಿಡಿದು ಇಟ್ಟುಕೊಳ್ಳುವುದೂ ಬೇಟೆಯೆಂದೇ ಕಾಯ್ದೆ ಎಣಿಸುತ್ತದೆ. ಅದಕ್ಕೆ 3ರಿಂದ 7 ವರ್ಷ ಸೆರೆವಾಸ.

ದೈವವಾಕ್ಯ ಏನು ಹೇಳುತ್ತದೆ?

ವಿಮೋಚನಕಾಂಡದ 2ನೇ ಅಧ್ಯಾಯವನ್ನು ಓದಿರಿ. ನೈಲ್ ನದಿಯ ಜೊಂಡಿನಲ್ಲಿ ಬುಟ್ಟಿಯೊಳಗೆ ಮಗುವೊಂದು ಒಂಟಿಯಾಗಿದೆ. ಕಂಡವರು ಯಾರೋ ಬಿಟ್ಟುಹೋದ ಮಗು ಎನ್ನಬೇಕು. ಆದರೆ ತಾಯಿ ಬಿಟ್ಟದ್ದು ಬೇಡವೆಂದು ಅಲ್ಲ, ಬದುಕಲಿ ಎಂದು. ಮಗುವಿನ ಅಕ್ಕ ದೂರದಲ್ಲಿ ನಿಂತು ನೋಡುತ್ತಿದ್ದಳು. ಫರೋಹನ ಮಗಳು ಮಗುವನ್ನು ಎತ್ತಿಕೊಂಡಾಗ ಅಕ್ಕ ಓಡಿಬಂದು ಹೆತ್ತ ತಾಯಿಯನ್ನೇ ಕರೆತಂದಳು. ಮೋಶೆಯನ್ನು ಉಳಿಸುವುದರಲ್ಲಿ ಎತ್ತಿಕೊಂಡ ಕೈಗಳಿಗೆ ಪಾಲಿರುವಂತೆ ದೂರ ನಿಂತು ಕಾದ ಕಣ್ಣುಗಳಿಗೂ ಪಾಲಿದೆ.

ಯೋಬನ ಗ್ರಂಥದ 39ನೇ ಅಧ್ಯಾಯದಲ್ಲಿ ಜಿಂಕೆಗಳು ಈಯುವ ಕಾಲವನ್ನು ನೀನು ಬಲ್ಲೆಯಾ ಎಂದು ದೇವರು ಯೋಬನನ್ನು ಕೇಳುತ್ತಾರೆ. ನಾವು ಬಲ್ಲೆವು ಎಂದುಕೊಂಡದ್ದೇ ನಮ್ಮ ತಪ್ಪಾಗಿತ್ತು. ಸದಯ ಸಮಾರಿತನ ಕಥೆಯನ್ನೂ ಅಂದು ಅರ್ಧ ಮಾತ್ರ ಹೇಳಿದ್ದೆವು. ಅವನು ಮೊದಲು ಗಾಯವನ್ನು ಕಂಡ, ಅದಕ್ಕೆ ತಕ್ಕ ಉಪಚಾರ ಮಾಡಿದ, ನೋಡಿಕೊಳ್ಳಬಲ್ಲವನ ಕೈಗೆ ಒಪ್ಪಿಸಿದ.

ಸಂತ ಫ್ರಾನ್ಸಿಸರ ಜೀವನವನ್ನು ಬರೆದ ಚೆಲಾನೋದ ಥಾಮಸರು ಒಂದು ಪ್ರಸಂಗ ಹೇಳುತ್ತಾರೆ. ಗ್ರೆಚ್ಚೊ ಎಂಬಲ್ಲಿ ಬಲೆಗೆ ಬಿದ್ದ ಮೊಲವನ್ನು ಸಹೋದರನೊಬ್ಬ ತಂದಾಗ ಸಂತರು ಅದನ್ನು ಮಡಿಲಲ್ಲಿ ಸಂತೈಸಿ ಕೆಳಗೆ ಬಿಟ್ಟರು. ಬಿಟ್ಟಷ್ಟು ಸಲ ಅದು ಮರಳಿ ಮಡಿಲಿಗೇ ಬಂದಿತು. ಕೊನೆಗೆ ಅದನ್ನು ಹತ್ತಿರದ ಕಾಡಿಗೆ ಒಯ್ದು ಬಿಡುವಂತೆ ಸಹೋದರರಿಗೆ ಹೇಳಿದರು. ತಾನಾಗಿ ಬಂದ ಪ್ರಾಣಿಯನ್ನೂ ಅವರು ತನ್ನದೆನ್ನಲಿಲ್ಲ. 2015ರ ‘ಲೌದಾತೊ ಸೀ’ ವಿಶ್ವಪರಿಪತ್ರದಲ್ಲಿ ಜಗದ್ಗುರು ಫ್ರಾನ್ಸಿಸರು ನೆನಪಿಸಿದ್ದೂ ಇದನ್ನೇ: ಸೃಷ್ಟಿಗೆ ನಾವು ಒಡೆಯರಲ್ಲ.

ಪ್ರಿಯರೇ, ನಮ್ಮ ಮನೆಗಳಲ್ಲೂ ಮರುಕದಿಂದ ಅವಸರಪಟ್ಟು ಕೆಡಿಸಿದ ಕೆಲಸಗಳಿಲ್ಲವೇ? ಪ್ರೀತಿಗೆ ತಿಳಿವಳಿಕೆಯೂ ತಾಳ್ಮೆಯೂ ಜೊತೆಯಾಗಬೇಕು. ಆ ಹುಡುಗ ಇಂದು ಬೆಳೆದು ಹೊಲ ಮಾಡುತ್ತಿದ್ದಾನೆ. ಕಳೆದ ಸುಗ್ಗಿಯಲ್ಲಿ ಅವನ ಹೊಲದಲ್ಲಿ ಮತ್ತೊಂದು ಮರಿ ಕಂಡಿತಂತೆ. ಆಳುಗಳನ್ನು ಬೇರೆ ಕಡೆ ಕಳುಹಿಸಿ, ನಾಯಿ ಕಟ್ಟಿಸಿ, ಬದುವಿನಲ್ಲಿ ಕುಳಿತನಂತೆ. “ಹೊತ್ತು ಮುಳುಗೂ ಮುಂದ ಅದರವ್ವ ಬಂದ್ಲರಿ ಫಾದರ್” ಎಂದು ಫೋನಿನಲ್ಲಿ ಹೇಳಿದ. ಅವನು ಅಂದು ಕೇಳಿದ ಪ್ರಶ್ನೆಗೆ ಅವನೇ ನಮಗೆ ಉತ್ತರ ಕೊಟ್ಟ.

ಪುಟ್ಟ ಜೀವಿಗಳನ್ನು ಸಹೋದರರೆಂದು ಕರೆದ ಸಂತ ಫ್ರಾನ್ಸಿಸರ ಬಿನ್ನಹದ ಮೂಲಕ ಪ್ರಭು ನಮಗೆ ಕರುಣೆಯ ಹೃದಯವನ್ನೂ ಕಾಯುವ ತಾಳ್ಮೆಯನ್ನೂ ದಯಪಾಲಿಸಲಿ. ಆಮೆನ್.