ಹ್ಯಾಂಡ್‌ಹೆಲ್ಡ್ ಗೇಮಿಂಗ್ ಸಾಧನ ಕೊಳ್ಳುತ್ತೀರಾ? ಚಿಪ್‌ಗಿಂತ ಮೊದಲು ಆಪರೇಟಿಂಗ್ ಸಿಸ್ಟಂ ನೋಡಿ

ಠಾಕುರ್ಲಿ: ಡೊಂಬಿವಲಿ ಮತ್ತು ಕಲ್ಯಾಣ ನಡುವಿನ ಪುಟ್ಟ ನಿಲ್ದಾಣ ಠಾಕುರ್ಲಿ. ಫಾಸ್ಟ್ ಲೋಕಲ್‌ಗಳು ಸಾಮಾನ್ಯವಾಗಿ ಇಲ್ಲಿ ನಿಲ್ಲುವುದಿಲ್ಲ. ಸ್ಲೋ ಲೋಕಲ್ ಹಿಡಿದು ಮುಂಬೈ ಸಿಎಸ್‌ಎಂಟಿ ತಲುಪಲು ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ ಬೇಕು. ವಾಪಸ್ ಬರಲು ಮತ್ತೆ ಅಷ್ಟೇ ಹೊತ್ತು. ಕಾಲೇಜಿಗೋ ಕೆಲಸಕ್ಕೋ ದಿನವೂ ಈ ದಾರಿಯಲ್ಲಿ ಓಡಾಡುವ ಹುಡುಗ ಹುಡುಗಿಯರಿಗೆ, ಕೈಯಲ್ಲಿ ಹಿಡಿದು ಪಿಸಿ ಗೇಮ್ ಆಡಬಹುದಾದ ಸಾಧನದ ಮೇಲೆ ಕಣ್ಣು ಬೀಳುವುದು ಸಹಜ.

ಕಣ್ಣು ಬಿದ್ದ ಮೇಲೆ ಬೆಲೆ ಕಾಣುತ್ತದೆ. ಏಸಸ್ ಕಂಪನಿಯ ಆರ್‌ಒಜಿ ಅಲೈ 2023ರಲ್ಲಿ ಭಾರತಕ್ಕೆ ಬಂದಾಗ 69,990 ರೂಪಾಯಿ ಇತ್ತು. ಮೈಕ್ರೋಸಾಫ್ಟ್ ಜೊತೆ ಸೇರಿ ಏಸಸ್ ತಯಾರಿಸಿದ ಆರ್‌ಒಜಿ ಎಕ್ಸ್‌ಬಾಕ್ಸ್ ಅಲೈ 2025ರ ಅಕ್ಟೋಬರ್‌ನಲ್ಲಿ ಅದೇ 69,990ಕ್ಕೆ ಬಂತು. ಅದರ ಮೇಲಿನ ಮಾದರಿ ಅಲೈ ಎಕ್ಸ್ ಬೆಲೆ ಆಗ 1,14,990 ರೂಪಾಯಿ ಇತ್ತು. ಇಷ್ಟು ದುಡ್ಡಿಗೆ ಒಳ್ಳೆಯ ಲ್ಯಾಪ್‌ಟಾಪೇ ಬರುತ್ತದಲ್ಲ ಎಂದು ಮನೆಯಲ್ಲಿ ಅಪ್ಪ ಕೇಳಿದರೆ ಆ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ.

ಇಷ್ಟು ಖರ್ಚು ಮಾಡುವವರು ಅಂಗಡಿಯಲ್ಲಿ ಮೊದಲು ಕೇಳುವುದು ಯಾವ ಪ್ರೊಸೆಸರ್, ಎಷ್ಟು ರ‍್ಯಾಮ್ ಎಂದು. ಅಲ್ಲೇ ಎಡವುವುದು. ಚಿಪ್ ಸ್ವಲ್ಪ ಹಳೆಯದಾದರೆ ಆಟ ಸ್ವಲ್ಪ ನಿಧಾನವಾಗಬಹುದು, ಅಷ್ಟೆ. ಆಪರೇಟಿಂಗ್ ಸಿಸ್ಟಂ, ಅಂದರೆ ಒಎಸ್, ಹೊಂದದಿದ್ದರೆ ಆಟ ತೆರೆಯುವುದೇ ಇಲ್ಲ.

ನೀವು ಆಡುವ ಆಟ ಯಾವುದು?

ಈಗ ಸಿಗುವ ಹ್ಯಾಂಡ್‌ಹೆಲ್ಡ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಒಎಸ್ ಇವೆ. ಆರ್‌ಒಜಿ ಅಲೈ, ಎಂಎಸ್‌ಐ ಕ್ಲಾ ಮುಂತಾದವುಗಳಲ್ಲಿ ವಿಂಡೋಸ್ 11. ವಾಲ್ವ್ ಕಂಪನಿಯ ಸ್ಟೀಮ್ ಡೆಕ್‌ನಲ್ಲಿ ಮತ್ತು ಲೆನೊವೊ ಲೀಜನ್ ಗೋ ಎಸ್‌ನ ಒಂದು ಮಾದರಿಯಲ್ಲಿ ಸ್ಟೀಮ್‌ಒಎಸ್. ಹಳೆಯ ಆಟಗಳಿಗೆಂದೇ ಬರುವ ಅಗ್ಗದ ಚೀನೀ ಸಾಧನಗಳಲ್ಲಿ ಆಂಡ್ರಾಯ್ಡ್ ಅಥವಾ ಚಿಕ್ಕ ಲಿನಕ್ಸ್.

ಸ್ಟೀಮ್‌ಒಎಸ್ ಕೂಡ ಲಿನಕ್ಸೇ. ವಿಂಡೋಸ್‌ಗಾಗಿ ಬರೆದ ಆಟ ಅದರಲ್ಲಿ ಓಡಲು ಕಾರಣ ಪ್ರೋಟಾನ್ ಎಂಬ ತಂತ್ರಾಂಶ. ವಾಲ್ವ್ ಇದನ್ನು 2018ರಲ್ಲಿ ಬಿಡುಗಡೆ ಮಾಡಿತು. ಆಟ ವಿಂಡೋಸ್ ಭಾಷೆಯಲ್ಲಿ ಕೇಳಿದ್ದನ್ನು ಪ್ರೋಟಾನ್ ಆ ಕ್ಷಣವೇ ಲಿನಕ್ಸ್‌ಗೆ ಅರ್ಥವಾಗುವಂತೆ ತಿರುಗಿಸಿ ಕೊಡುತ್ತದೆ. ಎದುರು ಕೂತವರಿಗೆ ಒಂದು ಮರಾಠಿ ಮಾತು, ಪಕ್ಕದವರಿಗೆ ಒಂದು ಕನ್ನಡ ಮಾತು ಎಂದು ನಡುವೆ ನಿಂತು ಹೇಳುವ ಡೊಂಬಿವಲಿ ಕನ್ನಡಿಗರ ಕೆಲಸದಂತೆಯೇ ಇದು. ಒಬ್ಬರೇ ಆಡುವ ಕಥೆಯ ಆಟಗಳು ಬಹುಪಾಲು ಹೀಗೆ ಸಲೀಸಾಗಿ ಓಡುತ್ತವೆ.

ತಕರಾರು ಬರುವುದು ಆನ್‌ಲೈನ್ ಆಟಗಳಲ್ಲಿ. ಮೋಸದ ಆಟ ತಡೆಯಲು ಅವು ಆಂಟಿ ಚೀಟ್ ಎಂಬ ಕಾವಲುಗಾರನನ್ನು ಇಟ್ಟುಕೊಂಡಿರುತ್ತವೆ. ಲಿನಕ್ಸ್‌ಗೂ ಬಾಗಿಲು ತೆರೆಯಬೇಕೆ ಎಂಬುದನ್ನು ಆಟ ಮಾಡಿದ ಕಂಪನಿಯೇ ನಿರ್ಧರಿಸುತ್ತದೆ. ಫೋರ್ಟ್‌ನೈಟ್ ತೆರೆದಿಲ್ಲ. ವ್ಯಾಲೊರಂಟ್ ತೆರೆದಿಲ್ಲ. ಜಿಟಿಎ ಆನ್‌ಲೈನ್ ಒಂದು ಕಾಲದಲ್ಲಿ ಸ್ಟೀಮ್ ಡೆಕ್‌ನಲ್ಲಿ ಓಡುತ್ತಿತ್ತು, 2024ರ ಸೆಪ್ಟೆಂಬರ್‌ನಲ್ಲಿ ಹೊಸ ಆಂಟಿ ಚೀಟ್ ಬಂದ ದಿನದಿಂದ ನಿಂತಿತು. ಜಿಟಿಎ 5ರ ಕಥೆಯ ಭಾಗವನ್ನು ಮಾತ್ರ ಈಗಲೂ ಆಡಬಹುದು. ಏಪೆಕ್ಸ್ ಲೆಜೆಂಡ್ಸ್ ಕೂಡ ಅದೇ ವರ್ಷ ಅಕ್ಟೋಬರ್ ಕೊನೆಯಲ್ಲಿ ಲಿನಕ್ಸ್ ಆಟಗಾರರಿಗೆ ಬಾಗಿಲು ಮುಚ್ಚಿತು. ಇಂದು ಓಡುವ ಆನ್‌ಲೈನ್ ಆಟ ನಾಳೆಯೂ ಓಡುತ್ತದೆ ಎಂಬ ಭರವಸೆ ಸ್ಟೀಮ್‌ಒಎಸ್‌ನಲ್ಲಿ ಇಲ್ಲ ಎಂದೇ ಇಟ್ಟುಕೊಳ್ಳಬೇಕು.

ಹಾಗಾದರೆ ವ್ಯಾಲೊರಂಟ್ ಆಡುವವರು ವಿಂಡೋಸ್ ಹ್ಯಾಂಡ್‌ಹೆಲ್ಡ್ ಕೊಂಡರಾಯಿತೆ? ಅದೂ ಇಲ್ಲ. ಪಿಸಿಯ ವ್ಯಾಲೊರಂಟ್ ಕಂಟ್ರೋಲರ್ ಬಟನ್‌ಗಳನ್ನು ಒಪ್ಪುವುದಿಲ್ಲ, ಮೌಸ್ ಮತ್ತು ಕೀಬೋರ್ಡ್ ಬೇಕೇ ಬೇಕು. ಲೋಕಲ್ ಟ್ರೈನ್‌ನಲ್ಲಿ ಮೌಸ್ ಇಡಲು ಜಾಗ ಎಲ್ಲಿ? ಬಿಜಿಎಂಐ ಆಡುವವರ ಕಥೆ ಇನ್ನೂ ಸರಳ. ಅದು ಮೊಬೈಲ್ ಆಟ, ಬೆರಳಿನಿಂದ ಆಡಲೆಂದೇ ಮಾಡಿದ್ದು. ದಿನವಿಡೀ ಬಿಜಿಎಂಐ ಆಡುವ ಹುಡುಗನಿಗೆ 70 ಸಾವಿರದ ಹ್ಯಾಂಡ್‌ಹೆಲ್ಡ್ ಕೊಡಿಸುವ ಬದಲು, ಅದರ ಅರ್ಧ ದುಡ್ಡಿಗೆ ಒಳ್ಳೆಯ ಫೋನ್ ಕೊಡಿಸುವುದೇ ಲೇಸು.

ಆಟದ ಪಟ್ಟಿಯನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳಿ. ಪ್ರತಿ ಆಟದ ಎದುರು ಅದನ್ನು ಎಲ್ಲಿ ಕೊಂಡಿದ್ದೀರಿ ಎಂದೂ ಬರೆಯಿರಿ. ಸ್ಟೀಮ್ ಅಂಗಡಿಯಲ್ಲಿ ಪ್ರತಿ ಆಟದ ಪುಟದಲ್ಲೂ ಅದು ಡೆಕ್‌ಗೆ ಪೂರ್ತಿ ಸರಿಹೊಂದುತ್ತದೆಯೇ, ಸ್ವಲ್ಪ ತೊಡಕಿನೊಂದಿಗೆ ಆಡಬಹುದೇ, ಇಲ್ಲವೇ ಇಲ್ಲವೇ ಎಂಬ ಗುರುತು ಇರುತ್ತದೆ. ಆಟಗಾರರೇ ಬರೆದ ಅನುಭವಗಳು ಪ್ರೋಟಾನ್‌ಡಿಬಿ ತಾಣದಲ್ಲಿ ಸಿಗುತ್ತವೆ. ಎಪಿಕ್ ಅಂಗಡಿಯಲ್ಲಿ ಉಚಿತವಾಗಿ ಸಿಕ್ಕ ಆಟಗಳ ರಾಶಿ ಇದ್ದವರು ಸ್ಟೀಮ್‌ಒಎಸ್‌ನಲ್ಲಿ ಹೀರೋಯಿಕ್ ಎಂಬ ಇನ್ನೊಂದು ತಂತ್ರಾಂಶ ಹಾಕಿಕೊಂಡು ಆಡಬಹುದು, ತುಸು ತಾಳ್ಮೆ ಬೇಕು. ಮೈಕ್ರೋಸಾಫ್ಟ್‌ನ ಗೇಮ್ ಪಾಸ್ ಚಂದಾದಾರರಾಗಿ ಆಟ ಡೌನ್‌ಲೋಡ್ ಮಾಡಿ ಆಡುವವರಿಗೆ ಮಾತ್ರ ವಿಂಡೋಸ್ ಬಿಟ್ಟು ಬೇರೆ ದಾರಿಯಿಲ್ಲ.

ಠಾಣೆ ಬಂತು, ಬಟನ್ ಒತ್ತಿದರೆ ಏನಾಗುತ್ತದೆ?

ಆಟದ ಪಟ್ಟಿ ಎರಡೂ ಒಎಸ್‌ಗೆ ಹೊಂದುತ್ತದೆ ಎಂದಿಟ್ಟುಕೊಳ್ಳಿ. ಆಗ ನೋಡಬೇಕಾದ್ದು ಸ್ಲೀಪ್. ಜಾಹೀರಾತಿನಲ್ಲಿ ಇದು ದೊಡ್ಡದಾಗಿ ಕಾಣುವುದಿಲ್ಲ, ಆದರೆ ಪ್ರಯಾಣದಲ್ಲಿ ಆಡುವವರಿಗೆ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ಆಟದ ನಡುವೆ ಇಳಿಯುವ ಸ್ಟೇಷನ್ ಬಂದುಬಿಟ್ಟಿತು. ಪವರ್ ಬಟನ್ ಒತ್ತಿ ಚೀಲಕ್ಕೆ ಹಾಕಬೇಕು, ಸಂಜೆ ಮತ್ತೆ ತೆಗೆದಾಗ ಅದೇ ಜಾಗದಿಂದ ಆಟ ಮುಂದುವರಿಯಬೇಕು. ಸ್ಟೀಮ್‌ಒಎಸ್ ಇದನ್ನು ಚೆನ್ನಾಗಿ ಮಾಡುತ್ತದೆ. ವಿಂಡೋಸ್ ಮೂಲತಃ ಮೇಜಿನ ಮೇಲಿನ ಕಂಪ್ಯೂಟರ್‌ಗಾಗಿ ಬೆಳೆದದ್ದು. ಸ್ಲೀಪ್‌ಗೆ ಹೋದಂತೆ ನಟಿಸಿ ಚೀಲದೊಳಗೆ ಎಚ್ಚರಗೊಂಡು ಬಿಸಿಯಾಗುವ, ಬ್ಯಾಟರಿ ಮುಗಿಸುವ ಅಭ್ಯಾಸ ಅದಕ್ಕಿದೆ ಎಂಬ ದೂರು ಲ್ಯಾಪ್‌ಟಾಪ್ ಕಾಲದಿಂದಲೂ ಇದೆ. ವಿಂಡೋಸ್ ಸಾಧನ ಕೊಂಡವರು ಸೆಟ್ಟಿಂಗ್‌ನಲ್ಲಿ ಪವರ್ ಬಟನ್‌ಗೆ ಸ್ಲೀಪ್ ಬದಲು ಹೈಬರ್ನೇಟ್ ಇಟ್ಟುಕೊಂಡರೆ ಈ ಕಾಟ ಬಹಳ ಕಡಿಮೆಯಾಗುತ್ತದೆ. ಮತ್ತೆ ತೆರೆಯಲು ಕೆಲವು ಸೆಕೆಂಡ್ ಹೆಚ್ಚು ಕಾಯಬೇಕು, ಅಷ್ಟೆ.

ಮೈಕ್ರೋಸಾಫ್ಟ್ ಇದನ್ನು ಅರಿಯದೆ ಏನಿಲ್ಲ. ಎಕ್ಸ್‌ಬಾಕ್ಸ್ ಅಲೈಯಲ್ಲಿ ಡೆಸ್ಕ್‌ಟಾಪ್ ತೆರೆಯದೆ ನೇರ ಆಟಗಳ ಪರದೆಗೇ ಹೋಗುವ ವ್ಯವಸ್ಥೆ ಕೊಟ್ಟಿದೆ. ಇದರಿಂದ 2 ಜಿಬಿವರೆಗೆ ಮೆಮೊರಿ ಉಳಿಯುತ್ತದೆ ಎನ್ನುವುದು ಕಂಪನಿಯ ಮಾತು. ಆದರೂ ಒಳಗಿರುವುದು ಅದೇ ವಿಂಡೋಸ್. ಒಂದೇ ಯಂತ್ರಕ್ಕೆ ಎರಡೂ ಒಎಸ್ ಹಾಕಿ ನೋಡುವ ಅವಕಾಶ 2025ರಲ್ಲಿ ಲೀಜನ್ ಗೋ ಎಸ್‌ನಿಂದ ಸಿಕ್ಕಿತು. ಅದನ್ನು ಪರೀಕ್ಷಿಸಿದ ವಿದೇಶಿ ವಿಮರ್ಶಕರಿಗೆ ಹೆಚ್ಚಿನ ಆಟಗಳು ಸ್ಟೀಮ್‌ಒಎಸ್‌ನಲ್ಲೇ ವೇಗವಾಗಿ ಓಡಿದ್ದು ಕಂಡಿತು. ಅಮೆರಿಕದಲ್ಲಿ ಸ್ಟೀಮ್‌ಒಎಸ್ ಮಾದರಿಯ ಬೆಲೆಯೂ ಕಡಿಮೆಯಿತ್ತು.

ಬ್ಯಾಟರಿ ಲೆಕ್ಕ, ತೂಕದ ಲೆಕ್ಕ

ಬ್ಯಾಟರಿಗೆ ಒಂದು ಸುಲಭ ಲೆಕ್ಕವಿದೆ. ಪೆಟ್ಟಿಗೆಯ ಮೇಲೆ ಬರೆದಿರುವ ವ್ಯಾಟ್ ಅವರ್ ಸಂಖ್ಯೆಯನ್ನು, ಆಡುವಾಗ ಸಾಧನ ಎಳೆಯುವ ವ್ಯಾಟ್‌ನಿಂದ ಭಾಗಿಸಿ. ಮೊದಲ ಆರ್‌ಒಜಿ ಅಲೈಯಲ್ಲಿ 40 ವ್ಯಾಟ್ ಅವರ್ ಬ್ಯಾಟರಿ. ದೊಡ್ಡ ಆಟವೊಂದು ಒಟ್ಟು 25 ವ್ಯಾಟ್ ಎಳೆದರೆ ಒಂದು ಗಂಟೆ 36 ನಿಮಿಷ. ಠಾಕುರ್ಲಿಯಿಂದ ಸಿಎಸ್‌ಎಂಟಿಗೆ ಸಾಕು, ಸಂಜೆ ವಾಪಸ್ ಬರಲು ಸಾಲದು. ಲೋಕಲ್‌ನಲ್ಲಿ ಚಾರ್ಜಿಂಗ್ ಪಾಯಿಂಟ್ ಹುಡುಕುವ ಹಾಗಿಲ್ಲ. 2024ರ ಅಲೈ ಎಕ್ಸ್‌ನಲ್ಲಿ 80 ವ್ಯಾಟ್ ಅವರ್ ಇದೆ, ಅದೇ ಲೆಕ್ಕದಲ್ಲಿ ಮೂರು ಗಂಟೆ 12 ನಿಮಿಷ. ಹೋಗಿ ಬರಬಹುದು. ಸ್ಟೀಮ್ ಡೆಕ್ ಒಎಲ್‌ಇಡಿಯಲ್ಲಿ 50 ವ್ಯಾಟ್ ಅವರ್ ಮಾತ್ರ. ಆದರೆ ಅದರ ಪರದೆ 1280x800, ಫುಲ್ ಎಚ್‌ಡಿ ಅಲ್ಲ. ತುಂಬಬೇಕಾದ ಚುಕ್ಕೆಗಳು ಕಡಿಮೆ, ಚಿಪ್‌ಗೆ ಕೆಲಸವೂ ಕಡಿಮೆ. ಏಳು ಇಂಚಿನ ಪರದೆಯಲ್ಲಿ ಈ ವ್ಯತ್ಯಾಸಕ್ಕೆ ಕಣ್ಣು ಬೇಗ ಒಗ್ಗಿಕೊಳ್ಳುತ್ತದೆ.

ಸ್ಟಾರ್ಡ್ಯೂ ವ್ಯಾಲಿ, ಹೇಡೀಸ್‌ನಂಥ ಹಗುರ ಆಟಗಳಿಗೆ ಒಟ್ಟು 10 ವ್ಯಾಟ್ ಸಾಕಾದರೆ ಅದೇ 40ರ ಬ್ಯಾಟರಿ ನಾಲ್ಕು ಗಂಟೆ ಬರುತ್ತದೆ. ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಇಂಥವೇ ಹೆಚ್ಚಿದ್ದರೆ ದುಬಾರಿ ಮಾದರಿಯ ಹಿಂದೆ ಓಡಬೇಕಿಲ್ಲ. ರ‍್ಯಾಮ್ ವಿಚಾರದಲ್ಲಿ ಮಾತ್ರ 16 ಜಿಬಿಗಿಂತ ಕಡಿಮೆ ಬೇಡ, ಏಕೆಂದರೆ ಈ ಸಾಧನಗಳಲ್ಲಿ ಗ್ರಾಫಿಕ್ಸ್‌ಗೂ ಅದೇ ರ‍್ಯಾಮ್‌ನಲ್ಲಿ ಪಾಲು ಹೋಗುತ್ತದೆ.

ತೂಕ ಸುಮಾರು 600ರಿಂದ 700 ಗ್ರಾಂ. ಮೂರು ಮೊಬೈಲ್‌ಗಳಷ್ಟು. ಕೂತು ಆಡಲು ಪರವಾಗಿಲ್ಲ. ಬೆಳಗಿನ ಹೊತ್ತು ಠಾಕುರ್ಲಿಯಲ್ಲಿ ಹತ್ತಿದವರಿಗೆ ಕೂರಲು ಜಾಗ ಸಿಗುವುದೇ ಅದೃಷ್ಟ. ಎರಡೂ ಕೈಯಲ್ಲಿ ಸಾಧನ ಹಿಡಿದರೆ ಕಂಬ ಹಿಡಿಯಲು ಕೈ ಉಳಿಯುವುದಿಲ್ಲ. 2025ರ ಜೂನ್ 9ರಂದು ಮುಂಬ್ರಾ ಬಳಿ ತುಂಬಿದ ಲೋಕಲ್‌ಗಳ ಬಾಗಿಲಿನಿಂದ ಬಿದ್ದು ಪ್ರಯಾಣಿಕರು ಪ್ರಾಣ ಕಳೆದುಕೊಂಡದ್ದು ಇದೇ ಹಾದಿಯಲ್ಲಿ. ಸೀಟು ಸಿಗದ ದಿನ ಆಟ ಚೀಲದಲ್ಲೇ ಇರಲಿ.

ಬೆಂಗಳೂರು ಕಂಡ ಲಿನಕ್ಸ್ ಅಂಗೈ ಯಂತ್ರ

ಅಂಗೈಯಲ್ಲಿ ಲಿನಕ್ಸ್ ಕನ್ನಡ ನಾಡಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸೇರಿ ರೂಪಿಸಿದ ಸಿಂಪ್ಯೂಟರ್ ನಡೆದದ್ದು ಲಿನಕ್ಸ್‌ನಲ್ಲೇ. 2004ರಲ್ಲಿ ಬಿಇಎಲ್ ಜೊತೆಗೂಡಿ ಮಾರುಕಟ್ಟೆಗೆ ಬಂದ ಅಮಿಡಾ ಸಿಂಪ್ಯೂಟರ್‌ನಲ್ಲಿ, ಕೈ ಆಡಿಸಿದರೆ ಅದನ್ನು ಗುರುತಿಸುವ ಸೆನ್ಸರ್ ಕೂಡ ಇತ್ತು. ಐಫೋನ್ ಬರಲು ಇನ್ನೂ ಮೂರು ವರ್ಷವಿತ್ತು ಎಂಬುದನ್ನು ನೆನೆದರೆ ಅಚ್ಚರಿಯಾಗುತ್ತದೆ. ಆದರೂ ಅದು ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಕಾರಣಗಳು ಹಲವು. ಜನ ಬಳಸಬಯಸುವ ತಂತ್ರಾಂಶಗಳು ಅದರ ಮೇಲೆ ಸಾಕಷ್ಟು ಇರಲಿಲ್ಲ ಎಂಬುದೂ ಅವುಗಳಲ್ಲಿ ಒಂದು. ಸ್ಟೀಮ್ ಡೆಕ್‌ಗೆ ಪ್ರೋಟಾನ್ ಇತ್ತು, ವಿಂಡೋಸ್‌ನ ಸಾವಿರಾರು ಆಟಗಳು ಮೊದಲ ದಿನವೇ ಜೊತೆಗೆ ಬಂದವು.

ದುಬೈ ಮಾವ ತಂದುಕೊಟ್ಟರೆ?

ಇಲ್ಲಿ ಒಂದು ಇಕ್ಕಟ್ಟು ಇದೆ. ಪ್ರಯಾಣಕ್ಕೆ ಹೆಚ್ಚು ಒಗ್ಗುವ ಸ್ಟೀಮ್ ಡೆಕ್ ಅನ್ನು ವಾಲ್ವ್ ಭಾರತದಲ್ಲಿ ಅಧಿಕೃತವಾಗಿ ಮಾರುವುದಿಲ್ಲ. ನಿಂಟೆಂಡೊ ಸ್ವಿಚ್ ಕೂಡ ಹಾಗೆಯೇ. ಮುಂಬೈ ಮಾರುಕಟ್ಟೆಗಳಲ್ಲಿ, ಆನ್‌ಲೈನ್‌ನಲ್ಲಿ ಸಿಗುವವು ಹೊರಗಿನಿಂದ ತಂದವು. ದುಬೈಯಲ್ಲಿರುವ ಮಾವನೋ ಅಮೆರಿಕದ ಅಣ್ಣನೋ ತಂದುಕೊಟ್ಟರೆ ಬೆಲೆ ಕಡಿಮೆ ಬೀಳಬಹುದು, ಆದರೆ ಕೆಟ್ಟಾಗ ಇಲ್ಲಿ ಒಯ್ದು ಕೊಡಲು ಕಂಪನಿಯ ಸರ್ವಿಸ್ ಸೆಂಟರ್ ಇರುವುದಿಲ್ಲ. ಸ್ಟಿಕ್ ತಾನಾಗಿಯೇ ಒಂದು ಕಡೆ ಜಾರುವುದು, ಬ್ಯಾಟರಿ ಉಬ್ಬುವುದು ಈ ಸಾಧನಗಳಿಗೆ ವಯಸ್ಸಾದಂತೆ ಬರುವ ಕಾಯಿಲೆಗಳು. ಆರ್‌ಒಜಿ ಅಲೈಯ ಮೊದಲ ಮಾದರಿಯಲ್ಲಿ ಬಿಸಿಯಿಂದ ಎಸ್‌ಡಿ ಕಾರ್ಡ್ ಭಾಗ ಕೈಕೊಡಬಹುದು ಎಂದು ಏಸಸ್ 2023ರಲ್ಲಿ ತಾನೇ ಒಪ್ಪಿಕೊಂಡಿತ್ತು. ಅಂಥ ಹೊತ್ತಿನಲ್ಲಿ ಇಲ್ಲಿನ ಬಿಲ್ ಮತ್ತು ವಾರಂಟಿ ಇದ್ದವರಿಗೂ ಇಲ್ಲದವರಿಗೂ ಬಹಳ ವ್ಯತ್ಯಾಸ.

ಅದಕ್ಕೇ ಕೆಲವರು ನಡುವಿನ ದಾರಿ ಹಿಡಿಯುತ್ತಾರೆ. ವಾರಂಟಿ ಇರುವ ವಿಂಡೋಸ್ ಸಾಧನ ಇಲ್ಲಿಯೇ ಕೊಂಡು, ಅದಕ್ಕೆ ಸ್ಟೀಮ್‌ಒಎಸ್ ಅಥವಾ ಅದನ್ನು ಹೋಲುವ ಬಝೈಟ್ ಹಾಕಿಕೊಳ್ಳುವುದು. ಬೇರೆ ಕಂಪನಿಗಳ ಸಾಧನಗಳಿಗೂ ಸ್ಟೀಮ್‌ಒಎಸ್ ಹೊಂದಿಸುವ ಕೆಲಸವನ್ನು ವಾಲ್ವ್ 2025ರ ಮೇ ತಿಂಗಳ ಆವೃತ್ತಿಯಿಂದ ಶುರು ಮಾಡಿದೆ. ಹಾಕುವ ಮುನ್ನ ವಿಂಡೋಸ್ ಮರಳಿ ತರುವ ರಿಕವರಿ ಪೆನ್‌ಡ್ರೈವ್ ಮಾಡಿಟ್ಟುಕೊಳ್ಳಬೇಕು. ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಬೂಟ್ ಮಾಡಿ ಗೊತ್ತಿಲ್ಲದವರು ಈ ಸಾಹಸಕ್ಕೆ ಒಬ್ಬರೇ ಇಳಿಯದಿರುವುದು ಒಳ್ಳೆಯದು.

ಅಗ್ಗವೆಂದು ಪ್ಲೇಸ್ಟೇಷನ್ ಪೋರ್ಟಲ್ ಕೊಳ್ಳುವವರೂ ಇದ್ದಾರೆ. ಮನೆಯಲ್ಲಿರುವ ಪಿಎಸ್5 ಆಟವನ್ನು ವೈಫೈ ಮೂಲಕ ತೋರಿಸುವ ಪರದೆ ಅದು, ಲೋಕಲ್‌ನಲ್ಲಿ ಅದರಿಂದ ಉಪಯೋಗವಿಲ್ಲ. ಆಂಡ್ರಾಯ್ಡ್‌ನ ಚಿಕ್ಕ ಸಾಧನಗಳು ಜೇಬಿಗೆ ಹಿಡಿಸುತ್ತವೆ, ಹಳೆಯ ಕಾಲದ ಆಟಗಳಿಗೆ ಸೊಗಸು. ಆದರೆ ಸಾವಿರಾರು ಆಟ ತುಂಬಿಸಿ ಕೊಡುತ್ತೇವೆ ಎನ್ನುವ ಮೆಮೊರಿ ಕಾರ್ಡ್‌ಗಳಲ್ಲಿರುವುದು ಸಾಮಾನ್ಯವಾಗಿ ಅನುಮತಿಯಿಲ್ಲದ ನಕಲು ಪ್ರತಿಗಳು.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಮಾರುವವರ ಎದುರೇ ಅರ್ಧ ಗಂಟೆ ಕೂರಬೇಕು. ಚಾರ್ಜರ್ ಕಿತ್ತು ದೊಡ್ಡ ಆಟವೊಂದನ್ನು ಹದಿನೈದು ನಿಮಿಷ ಓಡಿಸಿ ಬ್ಯಾಟರಿ ಶೇಕಡಾ ಎಷ್ಟು ಇಳಿಯಿತು ನೋಡಿ. ಎರಡೂ ಸ್ಟಿಕ್ ಬಿಟ್ಟಾಗ ಪಾತ್ರ ನಿಂತಲ್ಲೇ ನಿಲ್ಲುತ್ತದೆಯೇ ನೋಡಿ. ಆಮೇಲೆ ಆಟದ ನಡುವೆಯೇ ಪವರ್ ಬಟನ್ ಒತ್ತಿ, ಸಾಧನವನ್ನು ಚೀಲದೊಳಗಿಟ್ಟು ಒಂದು ಕಟಿಂಗ್ ಚಹಾ ಕುಡಿದು ಬನ್ನಿ. ತೆಗೆದಾಗ ತಣ್ಣಗಿರಬೇಕು, ಆಟ ಬಿಟ್ಟಲ್ಲೇ ಸಿಗಬೇಕು. ಹಳೆಯ ಮಾಲೀಕರ ಸ್ಟೀಮ್, ಮೈಕ್ರೋಸಾಫ್ಟ್ ಖಾತೆಗಳನ್ನು ಅಲ್ಲೇ ತೆಗೆಸಿ, ಬಿಲ್‌ನಲ್ಲಿರುವ ಸೀರಿಯಲ್ ನಂಬರ್ ಸಾಧನದ ಹಿಂಬದಿಯ ನಂಬರ್‌ಗೆ ತಾಳೆಯಾದ ಮೇಲಷ್ಟೇ ಯುಪಿಐ ಪಿನ್ ಒತ್ತಿ.