ಮೈಗೆ ತುಕ್ಕಿಲ್ಲ, ಮೂಳೆಗೆ ಉಂಟು

1960ರ ದಶಕದ ಆರಂಭ. ಲಂಡನ್ನಿನ ನಾರ್ತ್ ಸರ್ಕ್ಯುಲರ್ ರಸ್ತೆಯ ಏಸ್ ಕೆಫೆ ಮುಂದೆ ರಾತ್ರಿಯಾದರೆ ಬೈಕುಗಳ ಸಾಲು. ಗಂಟೆಗೆ ನೂರು ಮೈಲಿ ಮುಟ್ಟಿದವನೇ ಶೂರ ಎಂದು ನಂಬಿದ್ದ ಹುಡುಗರು. ಇಂಥವರ ಬೆನ್ನುಹತ್ತಲು ನಗರದ ಪೊಲೀಸರು ಕೊಂಡದ್ದು ಒಂದು ಕಪ್ಪು ಸ್ಪೋರ್ಟ್ಸ್ ಕಾರು: ಡೈಮ್ಲರ್ ಎಸ್‌ಪಿ250. ತಮಾಷೆಯೆಂದರೆ, ಬೈಕುಗಳನ್ನು ಅಟ್ಟಿದ ಈ ಕಾರಿನ ಎಂಜಿನ್ ಕೂಡ ಬೈಕಿನವನದೇ ಕೈಕೆಲಸ. ಟ್ರಯಂಫ್ ಸ್ಪೀಡ್ ಟ್ವಿನ್ ಬೈಕಿನ ಜನಕ ಎಡ್ವರ್ಡ್ ಟರ್ನರ್ ಅದನ್ನು ರೂಪಿಸಿದ್ದ.

ಕೊವೆಂಟ್ರಿಯ ಡೈಮ್ಲರ್ ಅರಮನೆಗೆ ಒಪ್ಪುವ ಗಂಭೀರ ಕಾರುಗಳಿಗೆ ಹೆಸರಾದ ಕಂಪನಿ. 1959ರ ನ್ಯೂಯಾರ್ಕ್ ಪ್ರದರ್ಶನದಲ್ಲಿ ಅದು ‘ಡಾರ್ಟ್’ ಎಂಬ ಈ ಚೂಟಿ ಕಾರನ್ನು ತಂದು ನಿಲ್ಲಿಸಿತು. ಆ ಹೆಸರು ತನ್ನದೆಂದು ಅಮೆರಿಕದ ಡಾಡ್ಜ್ ತಕರಾರು ತೆಗೆಯಿತು. ಉಳಿದದ್ದು ಬರೀ ಅಕ್ಷರ, ಅಂಕಿ. 1964ರ ಹೊತ್ತಿಗೆ ತಯಾರಾದವು ಒಟ್ಟು 2,654. ಅದೇ ಊರಿನ ಜಾಗ್ವಾರ್ ಇ-ಟೈಪ್ ತನ್ನ ಇಡೀ ಆಯುಷ್ಯದಲ್ಲಿ ಎಪ್ಪತ್ತು ಸಾವಿರ ದಾಟಿತೆಂದರೆ, ಇದು ಎಷ್ಟು ಅಪರೂಪವೆಂದು ಲೆಕ್ಕ ಹಾಕಿಕೊಳ್ಳಿ.

ಎಂಟು ಸಿಲಿಂಡರಿನ, 2,547 ಸಿ.ಸಿ.ಯ, 140 ಅಶ್ವಶಕ್ತಿಯ ಆ ಎಂಜಿನ್ ಇಂದಿಗೂ ಕಿವಿಗೆ ಹಬ್ಬ. ಮೈಯ ಕಥೆ ಬೇರೆ. ಹೊದಿಕೆ ಫೈಬರ್‌ಗ್ಲಾಸ್, ಅಡಿಯಲ್ಲಿ ಟ್ರಯಂಫ್ ಟಿಆರ್3 ಮಾದರಿ ನೋಡಿ ಮಾಡಿದ ಉಕ್ಕಿನ ಚಾಸಿ. ಮೊದಮೊದಲ ಕಾರುಗಳು ತಿರುವಿನಲ್ಲಿ ಜೋರಾಗಿ ಹೊರಳಿದರೆ ಚಾಸಿ ಮಿಸುಕಿ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು! 1960ರಲ್ಲಿ ಡೈಮ್ಲರನ್ನು ಕೊಂಡ ಜಾಗ್ವಾರ್, ಮರುವರ್ಷ ಚಾಸಿಗೆ ಬಲ ಕೊಟ್ಟು ‘ಬಿ’ ಮಾದರಿ ಹೊರತಂದಿತು. ಹಾಗಾಗಿ ಕೊಳ್ಳುವವರ ಮೊದಲ ಪ್ರಶ್ನೆ: ಇದು ಮೊದಲಿನ ಎ ಮಾದರಿಯೋ, ಬಲಪಡಿಸಿದ ಬಿ ಮಾದರಿಯೋ?

ಎರಡನೆಯ ಪ್ರಶ್ನೆ ಕೇಳಲು ನೆಲದ ಮೇಲೆ ಅಂಗಾತ ಮಲಗಬೇಕು. ಫೈಬರ್‌ಗ್ಲಾಸ್ ತುಕ್ಕು ಹಿಡಿಯುವುದಿಲ್ಲ. ಆದರೆ ಅಡಿಯ ಉಕ್ಕು ಹಿಡಿಯುತ್ತದೆ. ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು ಎಂಬ ಗಾದೆ ಇಂಥ ಕಾರಿಗೆ ಅಕ್ಷರಶಃ ಸಲ್ಲುತ್ತದೆ. ಬಣ್ಣದ ಮೇಲೆ ಜೇಡರ ಬಲೆಯಂಥ ಬಿರುಕು ಕಂಡರೆ ಮೇಲೊಂದು ಕೋಟ್ ಬಳಿದು ಪ್ರಯೋಜನವಿಲ್ಲ. ಬಿರುಕಿನ ಬುಡದವರೆಗೂ ಉಜ್ಜಿ ತೆಗೆಯಬೇಕು. ದೀಪ ಮಿಣುಕಿದರೆ ಬಲ್ಬನ್ನು ಬಯ್ಯುವ ಮೊದಲು ಅರ್ಥಿಂಗ್ ನೋಡಬೇಕು. ಉಕ್ಕಿನ ಕಾರಿನಲ್ಲಿ ಮೈಯೇ ವಿದ್ಯುತ್ತಿಗೆ ವಾಪಸು ದಾರಿ. ಇಲ್ಲಿ ಆ ದಾರಿಗೂ ತಂತಿ ಎಳೆಯಬೇಕು. ಅದರ ಒಂದು ತುದಿ ಕಿಲುಬು ಹಿಡಿದರೂ ದೀಪ ಮಂಕು. ಮುಂದಿನ ಸಸ್ಪೆನ್ಷನ್ನಿನ ಕೀಲುಗಳಿಗೆ ಗ್ರೀಸ್ ತಪ್ಪಿಸುವಂತಿಲ್ಲ. ಎಂಜಿನ್ನಿನ ಬ್ಲಾಕ್ ಬೀಡುಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಈ ಜೋಡಿಯ ನಡುವೆ ಬರಿಯ ನೀರು ಹರಿದರೆ ಲೋಹ ಸವೆಯುತ್ತದೆ. ಆದ್ದರಿಂದ ಸರಿಯಾದ ಕೂಲೆಂಟ್ ಹಾಕಿ, ಹೊತ್ತಿಗೆ ಸರಿಯಾಗಿ ಬದಲಿಸುತ್ತಿರಬೇಕು.

ಬಿಡಿಭಾಗಗಳ ವಿಷಯದಲ್ಲಿ ಅದೃಷ್ಟವೂ ಉಂಟು. ಇದೇ ಎಂಜಿನ್ನನ್ನು ಜಾಗ್ವಾರ್ ಮಾರ್ಕ್ 2 ಮೈಯ ಡೈಮ್ಲರ್ ಸೆಡಾನಿಗೂ ಜೋಡಿಸಿದ್ದರು. ಅವು ಸಾವಿರಗಟ್ಟಲೆ ಮಾರಾಟವಾದ್ದರಿಂದ ಎಂಜಿನ್ನಿನ ಸಾಮಾನು ಹುಡುಕುವುದು ಅಷ್ಟು ಕಷ್ಟವಲ್ಲ. ಡೈಮ್ಲರ್ ಮತ್ತು ಲ್ಯಾಂಚೆಸ್ಟರ್ ಮಾಲೀಕರ ಕ್ಲಬ್ಬೂ ಇದೆ.

ಬ್ರಿಟನ್ನಿನಲ್ಲಿ ನಲವತ್ತು ವರ್ಷ ದಾಟಿದ, ದೊಡ್ಡ ಮಾರ್ಪಾಡು ಕಾಣದ ಕಾರುಗಳಿಗೆ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಅಂದರೆ ಎಸ್‌ಪಿ250 ರಸ್ತೆಗೆ ಯೋಗ್ಯವೇ ಎಂದು ಹೇಳಬೇಕಾದವನು ಅದನ್ನು ಇಟ್ಟುಕೊಂಡವನೇ. ಅಕ್ಕಪಕ್ಕದವರು ನಿಂತು ಬಾನೆಟ್ಟಿನ ಹೊಳಪು ಹೊಗಳುತ್ತಿರುವಾಗ, ಟಾರ್ಚು ಹಿಡಿದು ಕಾರಿನಡಿ ತೂರಿಕೊಂಡವನೇ ಇದರ ನಿಜವಾದ ಮಾಲೀಕ.