ಮೀನಿನ ಹೊಂಡ ಮತ್ತು ಉತಾರ

ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತಲಿನ ಸೀಮೆ ಖಾನಾಪುರ ತಾಲ್ಲೂಕಿನಲ್ಲೇ ಜೋರು ಮಳೆಯದ್ದು. ಭತ್ತದ ಗದ್ದೆಯ ತಗ್ಗಿನಲ್ಲಿ ನಾಲ್ಕು ಗುಂಟೆ ಹೊಂಡ ತೋಡಿ ಕಾಟ್ಲಾ, ರೋಹು ಮರಿ ಬಿಡುವುದು ಇಂಥ ಕಡೆ ರೈತನಿಗೆ ಒಗ್ಗುವ ಲೆಕ್ಕಾಚಾರ. ತೊಡಕು ಬರುವುದು ಆ ಜಮೀನನ್ನು ಮಾರುವಾಗ, ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ, ಬ್ಯಾಂಕಿಗೆ ಅಡವಿಡುವಾಗ. ಉತಾರದ (ಪಹಣಿಯ) 12ನೇ ಕಾಲಂನಲ್ಲಿ ಭತ್ತ ಎಂದಿರುತ್ತದೆ, ಸ್ಥಳಕ್ಕೆ ಹೋದರೆ ನೀರು ನಿಂತಿರುತ್ತದೆ. ಇದು ಕೃಷಿ ಜಮೀನೇ, ಇಲ್ಲವೇ ಬೆಳಗಾವಿಯ ಕಡೆ ಹೇಳುವಂತೆ ಎನ್‌.ಎ. (ಕೃಷಿಯೇತರ) ಮಾಡಿಸಬೇಕೇ? ಕೃಷಿ ಜಮೀನೇ ಎಂಬುದು ನನ್ನ ವಾದ. ಆದರೆ ಹೊಂಡ ದಾಖಲೆಯಲ್ಲಿ ಕಾಣಿಸದಿದ್ದರೆ ಈ ವಾದಕ್ಕೆ ಅರ್ಧ ಬಲವೂ ಉಳಿಯುವುದಿಲ್ಲ.

1961ರ ಕರ್ನಾಟಕ ಭೂಸುಧಾರಣಾ ಕಾಯ್ದೆ ತನ್ನ 2ನೇ ಕಲಮಿನಲ್ಲಿ ಕೃಷಿ ಎಂದರೇನೆಂದು ಹೇಳುವಾಗ ತೋಟಗಾರಿಕೆ, ಹೈನುಗಾರಿಕೆ, ಕೋಳಿ ಸಾಕಣೆಗಳ ಜೊತೆಗೆ ಜಲಕೃಷಿಯನ್ನೂ ಸೇರಿಸಿಕೊಂಡಿದೆ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮು, ಕೃಷಿಗೆಂದು ಹಿಡಿದ ಜಮೀನಿನಲ್ಲಿ ಸಾಗುವಳಿಯ ಅನುಕೂಲಕ್ಕಾಗಿ ಬಾವಿ, ಕೆರೆ ಕಟ್ಟಿಕೊಳ್ಳುವ ಹಕ್ಕನ್ನು ಹಿಡುವಳಿದಾರನಿಗೆ ಕೊಡುತ್ತದೆ. ಬೆಳಗಾವಿ ಸೀಮೆಗೆ ಈ ಹಕ್ಕು ಹೊಸದಲ್ಲ. 1956ರ ನವೆಂಬರ್ 1ಕ್ಕೆ ಮುಂಚೆ ಇದು ಮುಂಬಯಿ ರಾಜ್ಯಕ್ಕೆ ಸೇರಿತ್ತು, ಅಲ್ಲಿಯ 1879ರ ಭೂಕಂದಾಯ ಸಂಹಿತೆಯ 65ನೇ ಕಲಮಿನಲ್ಲೂ ಹೆಚ್ಚುಕಡಿಮೆ ಇದೇ ಮಾತಿತ್ತು. ಕೃಷಿಯಲ್ಲಿ ಮೀನು ಸಾಕಣೆಯೂ ಸೇರುವುದಾದರೆ, ಅದಕ್ಕೆ ತೋಡಿದ ಹೊಂಡ ಜಮೀನಿನ ಉದ್ದೇಶವನ್ನು ಬದಲಿಸಿತೆನ್ನಲು ಆಧಾರವಿಲ್ಲ. ಎರಡೂ ಕಾಯ್ದೆಗಳನ್ನು ಕೂಡಿಸಿ ಓದಬೇಕಷ್ಟೆ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದುಂಟು. 1957ರಲ್ಲಿ ರಾಜಾ ಬಿನಯ್ ಕುಮಾರ್ ಸಹಸ್ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಉಳುವುದು, ಬಿತ್ತುವುದು, ನೆಡುವುದು ಮುಂತಾಗಿ ನೆಲದ ಮೇಲೆಯೇ ನಡೆಯುವ ಮೂಲ ಕೆಲಸವಿಲ್ಲದೆ ಕೃಷಿಯಿಲ್ಲ ಎಂದಿತು. ಹೊಂಡದಲ್ಲೂ ತಳ ಒಣಗಿಸಿ, ಸುಣ್ಣ ಎರಚಿ, ಸಗಣಿ ಗೊಬ್ಬರ ಹಾಕಿ, ನೀರು ಹಸಿರುಗಟ್ಟಿದ ಮೇಲೆ ಮರಿ ಬಿಡುವ ಹದವಿದೆ, ನಿಜ. ಆದರೆ ಆಕ್ಷೇಪಕ್ಕೆ ಉತ್ತರ ಅದಲ್ಲ. ಆ ತೀರ್ಪು ಆದಾಯ ತೆರಿಗೆಯ ವಿನಾಯಿತಿ ಕುರಿತದ್ದು. ತೆರಿಗೆ ಕಾಯ್ದೆ ಬಿಡಿಸಿ ಹೇಳದ ಮಾತಿಗೆ ಕೋರ್ಟು ಅರ್ಥ ಕೊಡಬೇಕಾಗಿತ್ತು. ಭೂಸುಧಾರಣಾ ಕಾಯ್ದೆ ಆ ಅರ್ಥವನ್ನು ತಾನೇ ಬರೆದುಕೊಂಡಿದೆ. ಹಾಗಾಗಿ ಮೀನಿನ ಆದಾಯಕ್ಕೆ ತೆರಿಗೆ ಬೀಳಬಹುದು, ಜಮೀನು ಮಾತ್ರ ಕೃಷಿಯದಾಗಿಯೇ ಉಳಿಯುತ್ತದೆ. ಭೂಸುಧಾರಣಾ ಕಾಯ್ದೆಗೆ ಜಲಕೃಷಿಯನ್ನು ಸೇರಿಸಿದ 1995ರ ತಿದ್ದುಪಡಿ ಕರಾವಳಿಗೆ ಮಾತ್ರ ಅನ್ವಯವಲ್ಲವೇ ಎಂದೂ ಕೇಳಬಹುದು. ಜಲಕೃಷಿಗೆ 20 ವರ್ಷದವರೆಗೆ ಗುತ್ತಿಗೆ ಕೊಡುವ ಸವಲತ್ತು ಉತ್ತರ ಕನ್ನಡ, ದಕ್ಷಿಣ ಕನ್ನಡಗಳಿಗೆ ಸಿಕ್ಕದ್ದು ಹೌದು. ಆದರೆ ಆ ಗಡಿ ಇರುವುದು ಗುತ್ತಿಗೆಗೆ, ವ್ಯಾಖ್ಯೆಗೆ ಜಿಲ್ಲೆಯ ಮಿತಿಯಿಲ್ಲ. ಖಾನಾಪುರದ ರೈತ ಆ ಸವಲತ್ತು ನಂಬಿ ಹೊಂಡವನ್ನು ಗುತ್ತಿಗೆಗೆ ಕೊಡುವಂತಿಲ್ಲ. ತಾನೇ ಮೀನು ಸಾಕಲು ಅಡ್ಡಿಯಿಲ್ಲ.

ನನಗೆ ಹೆಚ್ಚು ಕಳವಳ ತರುವುದು ಬೇರೆ. ಹೊಂಡವೆಂದರೆ ಕೃಷಿ ಎಂದು ಸುಮ್ಮನೆ ಒಪ್ಪಿಬಿಟ್ಟರೆ ಊರ ಕೆರೆಗೂ ಬೇಲಿ ಬಿದ್ದೀತು, ರೆಸಾರ್ಟಿನ ಕೊಳವೂ ಮೀನಿನ ಹೊಂಡವಾದೀತು. ಕಾನೂನು ಇಲ್ಲಿ ಗೆರೆ ಎಳೆದಿದೆ. 1966ರ ಭೂಕಂದಾಯ ನಿಯಮಗಳ ಪ್ರಕಾರ, ಹಿಡುವಳಿದಾರನಲ್ಲದ ಇತರರು ನೀರಾವರಿಗೋ ಕುಡಿಯಲಿಕ್ಕೋ ಬಳಸುವ ಕೆರೆ, ಹಳ್ಳಗಳ ನೆಲ 'ಬಿ' ಖರಾಬು, ಅಂದರೆ ಸಾರ್ವಜನಿಕ ಬಳಕೆಯದ್ದು. ಅದು ಉತಾರದ 3ನೇ ಕಾಲಂನಲ್ಲೇ ಬೇರೆಯಾಗಿ ನಮೂದಾಗಿರುತ್ತದೆ, ಅಂಥ ನೆಲವನ್ನು ಯಾವ ಖರೀದಿ ಪತ್ರವೂ ಖಾಸಗಿ ಮಾಡಲಾರದು. ಹೊಂಡದ ಸುತ್ತ ಹೋಟೆಲು, ಕೋಣೆಗಳೆದ್ದರೆ ಮುಖ್ಯ ಬಳಕೆ ಬದಲಾಯಿತು, ಆಗ 95ನೇ ಕಲಮಿನಡಿ ಜಿಲ್ಲಾಧಿಕಾರಿಗಳ ಅನುಮತಿ ಬೇಕೇ ಬೇಕು.

ಇನ್ನು ದಾಖಲೆಯ ಮಾತು. ಸಬ್ ರಿಜಿಸ್ಟ್ರಾರ್ ಕಚೇರಿ ಜಮೀನಿನ ವರ್ಗ ತೀರ್ಮಾನಿಸುವುದಿಲ್ಲ. 1908ರ ನೋಂದಣಿ ಕಾಯ್ದೆ ಕೇಳುವುದು ಸ್ವತ್ತನ್ನು ಗುರುತಿಸಲು ಸಾಕಾಗುವ ವಿವರ. ಆದ್ದರಿಂದ ಕೊಳ್ಳುವವರು ಖರೀದಿ ಪತ್ರದ ಷೆಡ್ಯೂಲಿನಲ್ಲಿ ಹೊಂಡ ಎಷ್ಟು ಗುಂಟೆ, ಯಾವ ದಿಕ್ಕಿಗಿದೆ, ನೀರು ಎಲ್ಲಿಂದ ಬರುತ್ತದೆ ಎಂದು ಬರೆಸಬೇಕು. ಸರ್ವೆ ನಂಬರಿನ ಒಂದು ಭಾಗವಷ್ಟೇ ಮಾರಾಟವಾದರೆ ಆ ಭಾಗಕ್ಕೆ ಸರ್ವೆಯವರು ಕೊಡುವ 11ಇ ನಕ್ಷೆಯಲ್ಲೂ ಹೊಂಡ ತೋರಿಸಬೇಕು. ಮಾರುವವರು ಅದಕ್ಕೂ ಮೊದಲೇ, ಬೆಳೆ ಸಮೀಕ್ಷೆಗೆ ಬಂದವರ ಮುಂದೆ ಭತ್ತ ಎಂದು ಹೇಳಿ ಕಳಿಸದೆ, ನೀರಿರುವ ಜಾಗದಲ್ಲಿ ಮೀನು ಸಾಕಣೆ ಎಂದೇ ಬರೆಸುವುದು ಒಳಿತು.